ನಮ್ಮ ಜಾಗದಲ್ಲಿ ಫಾಸ್ಟ್ ಚಾರ್ಜಿಂಗ್ ಸ್ಟೇಷನ್ ಹಾಕಬಹುದಾ? ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆಕ್ಟ್ರಿಕ್ ಕಾರುಗಳ ಚಾರ್ಜಿಂಗ್ ಸ್ಟೇಷನ್‌ಗೆ ಜಾಗ ನೋಡುವುದು, ಲೋಡ್ ಲೆಕ್ಕ ಹಾಕುವುದು, ಕೆಲಸ ಮುಗಿಯುವವರೆಗೆ ಜೊತೆಗೆ ನಿಲ್ಲುವುದು ನನ್ನ ಕೆಲಸ. ಖಾಲಿ ಸೈಟ್ ಇಟ್ಟುಕೊಂಡವರು, ಹೋಟೆಲ್ ನಡೆಸುವವರು, ಛತ್ರದ ಮಾಲೀಕರು, ಅಪಾರ್ಟ್‌ಮೆಂಟ್ ಸಂಘದವರು, ಕ್ಯಾಬ್ ಓಡಿಸುವವರು ಎಲ್ಲರೂ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳನ್ನು. ಅವಕ್ಕೆಲ್ಲ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಮೊದಲು ಏನು ನೋಡಬೇಕು? ಯಾವ ಕಂಪನಿಯ ಚಾರ್ಜರ್ ಒಳ್ಳೆಯದು ಅಂತಲಾ?

ಅಲ್ಲ. ಮೊದಲು ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ನೋಡಿ.

ಒಂದು 60 ಕಿಲೋವ್ಯಾಟ್ ಚಾರ್ಜರ್ ಅಂದರೆ ಎಷ್ಟು ದೊಡ್ಡದು ಅಂತ ಹೀಗೆ ಯೋಚಿಸಿ. ಬೆಂಗಳೂರಿನ ಒಂದು ಸಾಮಾನ್ಯ ಮನೆಗೆ 3ರಿಂದ 5 ಕಿಲೋವ್ಯಾಟ್ ಲೋಡ್ ಮಂಜೂರಾಗಿರುತ್ತದೆ. ಅಂದರೆ ಒಂದೇ ಒಂದು ಚಾರ್ಜರ್ ಹನ್ನೆರಡರಿಂದ ಇಪ್ಪತ್ತು ಮನೆಗಳ ಲೋಡ್‌ಗೆ ಸಮ. ಅಂಥ ಎರಡು ಮೆಷಿನ್ ಇಟ್ಟರೆ 250 ಕೆವಿಎ (ಹೆಚ್ಚುಕಡಿಮೆ ಕಿಲೋವ್ಯಾಟ್‌ನಂಥದ್ದೇ ಅಳತೆ) ಟ್ರಾನ್ಸ್‌ಫಾರ್ಮರ್‌ನಲ್ಲಿ ಹತ್ತಿರ ಹತ್ತಿರ ಅರ್ಧ ನಿಮಗೇ ಬೇಕು. ಆ ಟ್ರಾನ್ಸ್‌ಫಾರ್ಮರ್ ಈಗಾಗಲೇ ಸುತ್ತಲಿನ ಮನೆ, ಅಂಗಡಿ, ಬೋರ್‌ವೆಲ್ ಮೋಟರ್‌ಗಳನ್ನೆಲ್ಲ ಹೊತ್ತು ನಿಂತಿರುತ್ತದೆ. ಬೇಸಿಗೆಯ ಸಂಜೆ ಏಳು ಗಂಟೆಗೆ ಅದರ ಮೇಲೆ ಎಷ್ಟು ಭಾರ ಇದೆ ಅನ್ನುವುದು ನಿಮ್ಮ ಸ್ಟೇಷನ್ನಿನ ಹಣೆಬರಹ ಬರೆಯುತ್ತದೆ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಶುರುವಿನ ದಿನಗಳಲ್ಲಿ ಒಂದು ಜಾಗ ಸಿಕ್ಕಿತ್ತು. ಮುಖ್ಯರಸ್ತೆ, ಅಗಲವಾದ ಗೇಟು, ಮಾಲೀಕರೂ ಒಳ್ಳೆಯವರು. ಎಲ್ಲರಿಗೂ ಖುಷಿಯಾಗಿ ಚಾರ್ಜರ್ ತರಿಸಿಯೇಬಿಟ್ಟೆವು. ಆಮೇಲೆ ಗೊತ್ತಾಯಿತು, ಹತ್ತಿರದ ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದು ಚೂರೂ ಉಳಿದಿಲ್ಲ. ಹೊಸದು ಕೂರಿಸಬೇಕು, ಅದಕ್ಕೆ ಮುಂದಿನ ಅಡ್ಡರಸ್ತೆಯಿಂದ ಕೇಬಲ್ ಎಳೆಯಬೇಕು. ಮೆಷಿನ್ ತಿಂಗಳುಗಟ್ಟಲೆ ಮರದ ಪೆಟ್ಟಿಗೆಯಲ್ಲೇ ಕೂತಿತ್ತು, ಅದರ ಗ್ಯಾರಂಟಿ ದಿನಗಳು ಓಡುತ್ತಲೇ ಇದ್ದವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಆಯಿತು. ಆವತ್ತಿನಿಂದ ಯಾರೇ ಕೇಳಿದರೂ ಒಂದೇ ಮಾತು ಹೇಳುತ್ತೇನೆ: ಮೆಷಿನ್ ಕೊನೆಗೆ ಕೊಳ್ಳಿ.

ಟ್ರಾನ್ಸ್‌ಫಾರ್ಮರ್‌ನಲ್ಲಿ ಜಾಗ ಇದೆಯಾ ಅಂತ ನನಗೆ ಹೇಗೆ ಗೊತ್ತಾಗಬೇಕು?

ನಿಮ್ಮ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ತಗೊಂಡು ನಿಮ್ಮ ಏರಿಯಾದ ಬೆಸ್ಕಾಂ ಸಬ್‌ಡಿವಿಷನ್ ಆಫೀಸಿಗೆ ಹೋಗಿ. ಯಾವ ಫೀಡರ್ (ಸಬ್‌ಸ್ಟೇಷನ್ನಿನಿಂದ ನಿಮ್ಮ ಕಡೆ ಬರುವ ಲೈನ್), ಯಾವ ಟ್ರಾನ್ಸ್‌ಫಾರ್ಮರ್, ಎಷ್ಟು ಲೋಡ್ ಅಂತ ಕೇಳಿ. ಇಷ್ಟು ಕಿಲೋವ್ಯಾಟ್ ಬೇಕು ಅಂತ ಬಾಯಲ್ಲಿ ಹೇಳುವುದರ ಜೊತೆ ಒಂದು ಹಾಳೆಯಲ್ಲಿ ಬರೆದುಕೊಡಿ. ಹಾಗೇ ನಿಮ್ಮ ಬೀದಿಯ ಲೈನ್‌ಮನ್ ಜೊತೆ ಎರಡು ಮಾತಾಡಿ. ಕಳೆದ ಏಪ್ರಿಲ್‌ನಲ್ಲಿ ಯಾವ ಫ್ಯೂಸ್ ಎಷ್ಟು ಸಲ ಹಾರಿತು ಅಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಫಾಸ್ಟ್ ಅಂದರೆ ಎಷ್ಟು ಫಾಸ್ಟ್?

ಮನೆಯ 15 ಆಂಪಿಯರ್ ಪ್ಲಗ್‌ನಿಂದ ಸುಮಾರು 3 ಕಿಲೋವ್ಯಾಟ್ ಬರುತ್ತದೆ. ಗೋಡೆಗೆ ಹಾಕುವ ಎಸಿ ಚಾರ್ಜರ್‌ನಿಂದ 7 ಕಿಲೋವ್ಯಾಟ್ ಚಿಲ್ಲರೆ. ಈ ಎರಡರಲ್ಲೂ ಲೈನಿನಲ್ಲಿ ಬರುವ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಕೆಲಸ ಕಾರಿನ ಒಳಗಿರುವ ಚಿಕ್ಕ ಡಬ್ಬಿಯದು. ಅದಕ್ಕೆ ಮಿತಿ ಇದೆ. ಫಾಸ್ಟ್ ಚಾರ್ಜರ್ ಆ ಕೆಲಸವನ್ನು ಹೊರಗೇ ಮುಗಿಸಿ ನೇರವಾಗಿ ಬ್ಯಾಟರಿಗೆ ಡಿಸಿ ಕೊಡುತ್ತದೆ. ಅದಕ್ಕೇ ಆ ಮೆಷಿನ್ ಬೀರುವಿನಷ್ಟು ದೊಡ್ಡದು. ನಮ್ಮ ಊರಿನಲ್ಲಿ 30, 60, 120 ಕಿಲೋವ್ಯಾಟ್‌ನವು ಸಾಮಾನ್ಯ.

40 ಯೂನಿಟ್ (ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್) ಬ್ಯಾಟರಿಯ ಕಾರು ಶೇ. 20ರಿಂದ ಶೇ. 80ಕ್ಕೆ ಏರಬೇಕಾದರೆ 24 ಯೂನಿಟ್ ಬೇಕು. ಕಾರು ಸರಾಸರಿ 45 ಕಿಲೋವ್ಯಾಟ್ ತಗೊಂಡರೆ ಸುಮಾರು 32 ನಿಮಿಷ. ಎರಡು ದೋಸೆ, ಒಂದು ಕಾಫಿ, ಸ್ವಲ್ಪ ಮಾತು. ಅಷ್ಟು ಹೊತ್ತು.

ಹಾಗಾದರೆ 120 ಕಿಲೋವ್ಯಾಟ್ ಹಾಕಿಬಿಡೋಣ. ಎಲ್ಲ ಕಾರೂ ಬೇಗ ಹೋಗುತ್ತವೆ ಅಲ್ವಾ?

ಹೋಗುವುದಿಲ್ಲ. ಎಷ್ಟು ಕುಡಿಯಬೇಕು ಅಂತ ತೀರ್ಮಾನ ಮಾಡುವುದು ಕಾರು, ಚಾರ್ಜರ್ ಅಲ್ಲ. 30 ಕಿಲೋವ್ಯಾಟ್‌ಗಿಂತ ಜಾಸ್ತಿ ತಗೊಳ್ಳದ ಹಳೆಯ ಕಾರುಗಳು ಇನ್ನೂ ಓಡಾಡುತ್ತಿವೆ. ಅವನ್ನು ಎಷ್ಟು ದೊಡ್ಡ ಮೆಷಿನ್‌ಗೆ ಕಟ್ಟಿದರೂ ಅಷ್ಟೇ. ಇನ್ನೊಂದು ಕಡೆ ಹ್ಯುಂಡೈ ಅಯಾನಿಕ್ 5 ತರಹದ 800 ವೋಲ್ಟ್ ಕಾರು ಇದೆ. 350 ಕಿಲೋವ್ಯಾಟ್ ಚಾರ್ಜರ್ ಸಿಕ್ಕರೆ ಶೇ. 10ರಿಂದ ಶೇ. 80ಕ್ಕೆ 18 ನಿಮಿಷದಲ್ಲಿ ಏರುತ್ತದೆ ಅಂತ ಕಂಪನಿ ಹೇಳುತ್ತದೆ.

ಇನ್ನೊಂದು ವಿಷಯ. ಶೇ. 80 ದಾಟಿದ ಮೇಲೆ ಬ್ಯಾಟರಿ ತನ್ನ ರಕ್ಷಣೆಗಾಗಿ ತಗೊಳ್ಳುವುದನ್ನು ಕಡಿಮೆ ಮಾಡುತ್ತಾ ಹೋಗುತ್ತದೆ. ತುಂಬುತ್ತಾ ಬಂದ ಬಿಂದಿಗೆಗೆ ನಲ್ಲಿ ಸಣ್ಣ ಮಾಡುವ ಹಾಗೆ. ಕೊನೆಯ ಶೇ. 20ಕ್ಕೆ ಬೇಕಾಗುವ ಹೊತ್ತಿನಲ್ಲಿ ಇನ್ನೊಂದು ಕಾರು ಬಂದು ಹೋಗಬಹುದು. ಸ್ಟೇಷನ್ ನಡೆಸುವವರು ಇದನ್ನು ಬೋರ್ಡ್ ಬರೆದು ಹಾಕಲೇಬೇಕು.

ನಗರದ ಒಳಗೆ ನನ್ನ ಆಯ್ಕೆ ಎರಡು ಗನ್ (ಕಾರಿಗೆ ಸಿಕ್ಕಿಸುವ ಹಿಡಿ) ಇರುವ 60 ಕಿಲೋವ್ಯಾಟ್ ಮೆಷಿನ್. ಒಂದೇ ಕಾರಿದ್ದರೆ ಪೂರ್ತಿ 60 ಅದಕ್ಕೆ. ಇನ್ನೊಂದು ಬಂದರೆ ತಲಾ 30. ದೊಡ್ಡ ಮೆಷಿನ್‌ಗಳು ನೆಲಮಂಗಲ, ಬಿಡದಿ, ಅತ್ತಿಬೆಲೆ, ದೇವನಹಳ್ಳಿ ಕಡೆ ಹೆದ್ದಾರಿಯಲ್ಲಿರಲಿ. ಊರೊಳಗೆ ಒಂದು ಕಡೆ ದೊಡ್ಡದು ಒಂದು ಹಾಕುವುದಕ್ಕಿಂತ ನಾಲ್ಕು ಬಡಾವಣೆಗಳಲ್ಲಿ ಚಿಕ್ಕವು ನಾಲ್ಕು ಇದ್ದರೆ ಜನಕ್ಕೂ ಒಳ್ಳೆಯದು, ಟ್ರಾನ್ಸ್‌ಫಾರ್ಮರ್‌ಗೂ ಒಳ್ಳೆಯದು.

ಎಂಥ ಜಾಗ ಒಳ್ಳೆಯದು?

ಜನ ಹೇಗಿದ್ದರೂ ಅರ್ಧ ಗಂಟೆಯಿಂದ ಒಂದು ಗಂಟೆ ಇರುವ ಜಾಗ. ಇದೊಂದೇ ಅಳತೆಗೋಲಿನಿಂದ ಅರ್ಧ ಜಾಗಗಳನ್ನು ಬಿಡಬಹುದು, ಅರ್ಧ ಹಿಡಿಯಬಹುದು.

ನಿಂತುಕೊಂಡು ತಿನ್ನುವ ದರ್ಶಿನಿಯಲ್ಲಿ ಜನ ಹತ್ತು ನಿಮಿಷ ಇರುತ್ತಾರೆ. ಅಲ್ಲಿ ಕಷ್ಟ. ಕೂತು ಊಟ ಮಾಡುವ ಹೋಟೆಲ್ ಆದರೆ ಸರಿಹೋಗುತ್ತದೆ. ಆಸ್ಪತ್ರೆ, ಸೂಪರ್ ಮಾರ್ಕೆಟ್, ಮೆಟ್ರೋ ಸ್ಟೇಷನ್ ಪಕ್ಕದ ಪಾರ್ಕಿಂಗ್ ನೋಡಿ. ಆದರೆ ಮೆಟ್ರೋ ಪಾರ್ಕಿಂಗ್‌ನಲ್ಲಿ ಒಂದು ತೊಡಕಿದೆ. ಅಲ್ಲಿ ಕಾರು ಬೆಳಿಗ್ಗೆ ಒಂಬತ್ತಕ್ಕೆ ನಿಂತರೆ ಸಂಜೆ ಆರರವರೆಗೆ ಅಲ್ಲಾಡುವುದಿಲ್ಲ. ಫಾಸ್ಟ್ ಚಾರ್ಜರ್ ಹಾಕಿದರೆ ದಿನಕ್ಕೆ ಒಂದೇ ಕಾರು! ಅಲ್ಲಿಗೆ ಬೇಕಾದ್ದು ನಿಧಾನವಾಗಿ ಚಾರ್ಜ್ ಮಾಡುವ ಹತ್ತಿಪ್ಪತ್ತು ಎಸಿ ಪಾಯಿಂಟ್. ಬಿಎಂಟಿಸಿಯ ಶಾಂತಿನಗರ, ಜಯನಗರ, ಯಶವಂತಪುರದಂಥ ಟಿಟಿಎಂಸಿಗಳಲ್ಲಿ (ಬಸ್ ನಿಲ್ದಾಣದ ಜೊತೆ ಪಾರ್ಕಿಂಗ್, ಅಂಗಡಿ ಇರುವ ಕಟ್ಟಡ) ಎರಡೂ ತರಹದ ಜನ ಬರುತ್ತಾರೆ. ಅಂಥ ಕಡೆ ಎರಡನ್ನೂ ಬೆರೆಸಿ ಹಾಕಬಹುದು.

ನನಗೆ ತುಂಬ ಆಸೆ ಇರುವುದು ಛತ್ರಗಳ ಮೇಲೆ. ಪ್ರತಿ ಬಡಾವಣೆಯಲ್ಲೂ ಒಂದೆರಡು ಕಲ್ಯಾಣ ಮಂಟಪ ಇದ್ದೇ ಇರುತ್ತವೆ. ದೊಡ್ಡ ಪಾರ್ಕಿಂಗ್ ಇರುತ್ತದೆ. ಅಡುಗೆಮನೆ, ಲಿಫ್ಟು, ದೀಪಾಲಂಕಾರಕ್ಕೆ ಅಂತ ಲೋಡ್ ಕೂಡ ಮೊದಲೇ ಜಾಸ್ತಿ ತಗೊಂಡಿರುತ್ತಾರೆ. ಆಷಾಢ, ಧನುರ್ಮಾಸದಲ್ಲಿ ಅಂತೂ ಜಾಗ ಬಿಕೋ ಅನ್ನುತ್ತದೆ. ಮುಹೂರ್ತದ ದಿನ ಮಾತ್ರ ಕಿಕ್ಕಿರಿಯುತ್ತದೆ. ಹಾಗಾಗಿ ಚಾರ್ಜಿಂಗ್ ಜಾಗಕ್ಕೆ ಬೇರೆ ಗೇಟು, ಬೇರೆ ಮೀಟರ್ ಇರಬೇಕು. ಮದುವೆ ಮನೆಯ ಕಾರುಗಳು ಒಳಗೆ ನುಗ್ಗದ ಹಾಗೆ ಕಂಬ ನೆಡಬೇಕು. ಇಷ್ಟು ಮಾಡಲು ಒಪ್ಪುವ ಮಾಲೀಕರು ಸಿಕ್ಕರೆ ಬಿಡಬೇಡಿ.

ಎಷ್ಟು ಜಾಗ ಬೇಕು?

ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದ. ವ್ಹೀಲ್‌ಚೇರ್ ಬಳಸುವವರಿಗೆ ಒಂದು ಜಾಗವಾದರೂ 3.6 ಮೀಟರ್ ಅಗಲ ಬಿಡಿ. ಚಾರ್ಜಿಂಗ್ ಪೋರ್ಟ್ ಒಂದೊಂದು ಕಾರಿನಲ್ಲಿ ಒಂದೊಂದು ಕಡೆ ಇರುತ್ತದೆ. ಮುಂದೆ, ಹಿಂದೆ, ಎಡ, ಬಲ. ಆದ್ದರಿಂದ ಮೆಷಿನ್ ಎರಡು ಜಾಗಗಳ ನಡುವೆ ಬರಲಿ, ಕೇಬಲ್ ಸಾಕಷ್ಟು ಉದ್ದ ಇರಲಿ. ಆ ಕೇಬಲ್ ಭಾರ. ವಯಸ್ಸಾದವರು ಎತ್ತಿ ಹಾಕಲು ಒದ್ದಾಡುವುದನ್ನು ನೋಡಿದ್ದೇನೆ. ಮೇಲಿನಿಂದ ತೂಗುವ ಕೊಂಡಿ ಇರುವ ಮೆಷಿನ್ ಸಿಕ್ಕರೆ ಅದನ್ನೇ ತಗೊಳ್ಳಿ. ಸ್ವಂತ ಟ್ರಾನ್ಸ್‌ಫಾರ್ಮರ್ ಬೇಕಾದರೆ ಬೇಲಿ ಸಮೇತ ಅದಕ್ಕೆ ಬೇರೆ ಜಾಗ ಬಿಡಬೇಕು.

ಲೈಸೆನ್ಸ್ ಬೇಕಾ?

ಚಾರ್ಜಿಂಗ್ ಸ್ಟೇಷನ್ ನಡೆಸುವುದಕ್ಕೆ ವಿದ್ಯುತ್ ಮಾರಾಟದ ಲೈಸೆನ್ಸ್ ಬೇಡ. ಕಾರು ಚಾರ್ಜ್ ಮಾಡಿಕೊಡುವುದು ಒಂದು ಸೇವೆ, ಕರೆಂಟ್ ಮಾರುವುದಲ್ಲ ಅಂತ ಕೇಂದ್ರದ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟ ಮಾಡಿದೆ. ಸೇವೆ ಆದ್ದರಿಂದಲೇ ಅದಕ್ಕೆ ಶೇ. 18 ಜಿಎಸ್‌ಟಿ. ಚಾರ್ಜರ್ ಕೊಳ್ಳುವಾಗಿನ ಜಿಎಸ್‌ಟಿ ಮಾತ್ರ 2019ರ ಆಗಸ್ಟ್‌ನಿಂದ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ.

ಲೈಸೆನ್ಸ್ ಬೇಡ ಅಂದರೆ ನಿಯಮವೇ ಇಲ್ಲ ಅಂತಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಅನ್ವಯಿಸುತ್ತವೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ರಾಜ್ಯದ ವಿದ್ಯುತ್ ಪರಿವೀಕ್ಷಕರು ಬಂದು ನೋಡಿ ಒಪ್ಪಬೇಕು. ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ರಾಜ್ಯದಲ್ಲಿ ಇದಕ್ಕೆಲ್ಲ ನೋಡಲ್ ಏಜೆನ್ಸಿ, ಅಂದರೆ ಹೊಣೆ ಹೊತ್ತ ಸಂಸ್ಥೆ, ಬೆಸ್ಕಾಂ. ಸ್ಟೇಷನ್ ಹುಡುಕಲು ಅವರ ಇವಿ ಮಿತ್ರ ಆ್ಯಪ್ ಕೂಡ ಇದೆ.

ಕನೆಕ್ಷನ್ ಸಿಗಲು ಎಷ್ಟು ದಿನ?

2024ರಲ್ಲಿ ತಿದ್ದುಪಡಿಯಾದ ಗ್ರಾಹಕ ಹಕ್ಕುಗಳ ನಿಯಮದ ಪ್ರಕಾರ ಮಹಾನಗರದಲ್ಲಿ ಹೊಸ ಕನೆಕ್ಷನ್‌ಗೆ 3 ದಿನ. ಲೈನ್ ಮತ್ತು ಟ್ರಾನ್ಸ್‌ಫಾರ್ಮರ್‌ನಲ್ಲಿ ಜಾಗ ಇದ್ದಾಗಿನ ಮಾತಿದು. ಹೊಸ ಕೇಬಲ್ ಎಳೆಯಬೇಕು, ಟ್ರಾನ್ಸ್‌ಫಾರ್ಮರ್ ಕೂರಿಸಬೇಕು ಅಂದರೆ ಅಂದಾಜು ಪಟ್ಟಿ, ಡೆಪಾಸಿಟ್, ರೋಡ್ ಕಟಿಂಗ್ ಅನುಮತಿ, ಪರಿಶೀಲನೆ ಅಂತ ಒಂದರ ಹಿಂದೆ ಒಂದು ಬರುತ್ತವೆ. ಅದಕ್ಕೆ ತಿಂಗಳುಗಳ ಲೆಕ್ಕ ಇಟ್ಟುಕೊಳ್ಳಿ. ಲೋಡ್ ದೊಡ್ಡದಾದರೆ ಹೆಚ್ಚು ವೋಲ್ಟೇಜಿನ 11 ಕೆವಿ ಎಚ್‌ಟಿ ಕನೆಕ್ಷನ್ ಬೇಕಾಗುತ್ತದೆ, ಖರ್ಚೂ ಏರುತ್ತದೆ. ಎಷ್ಟೋ ಸಲ ಲೋಡ್ ಸ್ವಲ್ಪ ಇಳಿಸಿಕೊಂಡರೆ ಮಾಮೂಲಿ ಕಡಿಮೆ ವೋಲ್ಟೇಜಿನ ಎಲ್‌ಟಿಯಲ್ಲೇ ಕೆಲಸ ಮುಗಿಯುತ್ತದೆ. ಆಸೆಗೆ ಬಿದ್ದು ಲೋಡ್ ಬರೆಸಬೇಡಿ.

ರಸ್ತೆ ಅಗೆಯಬೇಕಾಗುತ್ತದಾ?

ಟ್ರಾನ್ಸ್‌ಫಾರ್ಮರ್ ರಸ್ತೆಯ ಆ ಬದಿ, ನೀವು ಈ ಬದಿ ಇದ್ದರೆ ಅಗೆಯಲೇಬೇಕು. ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಿವೆ. ನಿಮ್ಮ ರಸ್ತೆ ಯಾವ ಪಾಲಿಕೆಗೆ ಬರುತ್ತದೆ ಅಂತ ಮೊದಲು ತಿಳಿದುಕೊಂಡು ಅನುಮತಿ ಕೇಳಿ. ಹೊಸದಾಗಿ ಡಾಂಬರು ಹಾಕಿದ ಅಥವಾ ವೈಟ್ ಟಾಪಿಂಗ್ (ಕಾಂಕ್ರೀಟ್) ಆದ ರಸ್ತೆಯನ್ನು ಅಗೆಯಲು ಬಿಡಿ ಅಂತ ಕೇಳುವುದಕ್ಕೇ ಮನಸ್ಸು ಬರುವುದಿಲ್ಲ, ಕೇಳಬಾರದು ಕೂಡ. ಅಂಥ ಕಡೆ ಟ್ರಾನ್ಸ್‌ಫಾರ್ಮರ್ ನಮ್ಮ ಬದಿಯಲ್ಲೇ ಇರುವ ಜಾಗ ಹುಡುಕುತ್ತೇವೆ.

ಮರದ ಬುಡದಲ್ಲಿ ಕೇಬಲ್ ಗುಂಡಿ ತೋಡಬೇಡಿ. ಬೇರು ಕಡಿದ ಮರ ಮುಂದಿನ ಮೇ ತಿಂಗಳ ಗಾಳಿಮಳೆಗೆ ಬೀಳುತ್ತದೆ, ಅದೂ ನಿಮ್ಮ ಲೈನ್ ಮೇಲೇ. ಮರ ಕಡಿಯಬೇಕೆಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನಾನು ಮಾತ್ರ ಮರ ಉಳಿಸಿ ನಕ್ಷೆ ಬದಲಿಸಿ ಅನ್ನುತ್ತೇನೆ. ಮಧ್ಯಾಹ್ನ ಅರ್ಧ ಗಂಟೆ ಕಾಯುವ ಚಾಲಕರಿಗೆ ಆ ನೆರಳು ಬೇಕು.

ಅರ್ಥಿಂಗ್ ಅಷ್ಟು ದೊಡ್ಡ ವಿಷಯವಾ? ಗುತ್ತಿಗೆದಾರರು ಎರಡು ಗುಂಡಿ ತೋಡಿದರೆ ಆಯಿತಲ್ಲ?

ಬೆಂಗಳೂರಿನಲ್ಲಿ ಇದು ದೊಡ್ಡ ವಿಷಯ. ಲಾಲ್‌ಬಾಗಿನ ಬಂಡೆ ಹತ್ತಿದ್ದೀರಲ್ಲ, ಸುಮಾರು 300 ಕೋಟಿ ವರ್ಷ ಹಳೆಯದು. ಅದೇ ಜಾತಿಯ ಕಲ್ಲಿನ ಮೇಲೆ ಈ ಊರು ಕೂತಿದೆ. ಕೆಲವು ಕಡೆ ಕೆಂಪು ಮಣ್ಣು ಆಳವಾಗಿರುತ್ತದೆ. ಕೆಲವು ಕಡೆ ನಾಲ್ಕು ಅಡಿ ತೋಡುವಷ್ಟರಲ್ಲಿ ಹಾರೆ ಠಣ್ ಅನ್ನುತ್ತದೆ. ಬಂಡೆ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೆಷಿನ್‌ನಲ್ಲಿ ಸೋರಿಕೆ ಆದಾಗ ಕರೆಂಟ್ ಭೂಮಿಗೆ ಇಳಿಯಬೇಕು. ಇಳಿಯದಿದ್ದರೆ ಮುಟ್ಟಿದವರಿಗೆ ಅಪಾಯ. ಅಷ್ಟೇ ಅಲ್ಲ, ಅರ್ಥಿಂಗ್ ಸರಿ ಇಲ್ಲ ಅಂತ ಗೊತ್ತಾದರೆ ಎಷ್ಟೋ ಕಾರುಗಳು ಚಾರ್ಜ್ ತಗೊಳ್ಳುವುದನ್ನೇ ನಿಲ್ಲಿಸುತ್ತವೆ. ಜನ ಮೆಷಿನ್ ಕೆಟ್ಟಿದೆ ಅಂತ ಬೈದುಕೊಂಡು ಹೋಗುತ್ತಾರೆ. ಕೆಟ್ಟಿರುವುದು ಮೆಷಿನ್ ಅಲ್ಲ, ನೆಲದ ಕೆಳಗಿನ ಕೆಲಸ.

ಬಂಡೆ ಸಿಕ್ಕರೆ ಬೋರ್ ಕೊರೆಸಿ ಉದ್ದನೆಯ ಎಲೆಕ್ಟ್ರೋಡ್ ಇಳಿಸಬೇಕು, ಸುತ್ತ ಬೆಂಟೋನೈಟ್ ತರಹದ ಪುಡಿ ತುಂಬಬೇಕು. ಹಲವು ಗುಂಡಿಗಳನ್ನು ಪಟ್ಟಿಯಿಂದ ಒಂದಕ್ಕೊಂದು ಸೇರಿಸಬೇಕು. ಹಳೆಯ ಕಾಲದ ಉಪ್ಪು ಇದ್ದಿಲಿನ ಗುಂಡಿ ಮಾಡಿದರೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು.

ಇನ್ನೊಂದು ಕಿವಿಮಾತು. ಅರ್ಥಿಂಗ್ ಅಳತೆಯನ್ನು ಮಳೆಗಾಲದಲ್ಲಿ ಮಾತ್ರ ಮಾಡಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಬೇಡಿ. ನೆಲ ಒದ್ದೆ ಇದ್ದಾಗ ಅಂಕಿ ಚೆನ್ನಾಗೇ ಬರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಣ್ಣು ಒಣಗಿ ಬಿರುಕು ಬಿಟ್ಟಾಗ ಇನ್ನೊಮ್ಮೆ ಅಳೆಯಿರಿ. ನಿಜ ಗೊತ್ತಾಗುವುದು ಆಗ.

ಮಳೆ ಬಂದರೆ ಶಾಕ್ ಹೊಡೆಯುವುದಿಲ್ಲವಾ?

ಗನ್ ಕಾರಿಗೆ ಸಿಕ್ಕಿಸಿದ ತಕ್ಷಣ ಕರೆಂಟ್ ಹರಿಯುವುದಿಲ್ಲ. ಮೊದಲು ಕಾರು ಮತ್ತು ಚಾರ್ಜರ್ ಮಾತಾಡಿಕೊಳ್ಳುತ್ತವೆ. ಗನ್ ಲಾಕ್ ಆಗುತ್ತದೆ. ಎಲ್ಲೂ ಸೋರಿಕೆ ಇಲ್ಲ ಅಂತ ಪರೀಕ್ಷೆ ಆಗುತ್ತದೆ. ಆಮೇಲಷ್ಟೇ ಕರೆಂಟ್. ತುಂತುರಿಗಾಗಲಿ ಜೋರು ಮಳೆಗಾಗಲಿ ಹೆದರಬೇಕಾಗಿಲ್ಲ.

ಹೆದರಬೇಕಾದ್ದು ನಿಂತ ನೀರಿಗೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ಬೋಟು, ಟ್ರ್ಯಾಕ್ಟರ್‌ಗಳಲ್ಲಿ ಜನರನ್ನು ಹೊರಗೆ ತಂದರು. ನೀರು ನುಗ್ಗುವ ಬೇಸ್‌ಮೆಂಟಿನಲ್ಲಿ, ರಾಜಕಾಲುವೆಯ ಪಕ್ಕದಲ್ಲಿ, ಹಳೆಯ ಕೆರೆಯಂಗಳದ ತಗ್ಗಿನಲ್ಲಿ ಫಾಸ್ಟ್ ಚಾರ್ಜರ್ ಬೇಡ. ಅಕ್ಕಪಕ್ಕದ ಹಿರಿಯರನ್ನು ಕೇಳಿ: "ಅಜ್ಜಾ, ಜೋರು ಮಳೆಗೆ ನೀರು ಎಲ್ಲಿವರೆಗೆ ಬಂದಿತ್ತು?" ಅವರು ಗೋಡೆ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಮೆಷಿನ್ ಕೂರುವ ಕಾಂಕ್ರೀಟ್ ಕಟ್ಟೆ ಆ ಗುರುತಿಗಿಂತ ಮೇಲಿರಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಸರ್ಜ್ ಪ್ರೊಟೆಕ್ಷನ್ (ಏಕಾಏಕಿ ಏರುವ ವೋಲ್ಟೇಜ್ ತಡೆಯುವ ಸಾಧನ) ಮರೆಯಬೇಡಿ.

ಯಾವ ಗನ್ ಹಾಕಬೇಕು?

ಕಾರಿಗೆ ಸಿಸಿಎಸ್ 2, ಅಂದರೆ ಡಿಸಿ ಫಾಸ್ಟ್ ಚಾರ್ಜಿಂಗ್‌ನ ಗನ್. ಈಗ ಬರುವ ಕಾರುಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಅದೇ. ಒಂದೆರಡು ಟೈಪ್ 2 ಎಸಿ ಪಾಯಿಂಟ್ (ನಿಧಾನ ಚಾರ್ಜಿಂಗ್‌ಗೆ) ಪಕ್ಕದಲ್ಲಿ ಹಾಕಿ. ಬೇರೆ ತರಹದ ಗನ್ ಇರುವ ಹಳೆಯ 15 ಕಿಲೋವ್ಯಾಟ್ ಭಾರತ್ ಡಿಸಿ 001 ಮೆಷಿನ್‌ಗಳನ್ನು ಅಗ್ಗಕ್ಕೆ ಸಿಕ್ಕಿತು ಅಂತ ಹೊಸ ಸ್ಟೇಷನ್‌ಗೆ ತರಬೇಡಿ.

ಕರೆಂಟ್ ಹೋದರೆ ಏನು ಮಾಡುವುದು? ಜನರೇಟರ್ ಇಡೋಣವಾ?

ಡೀಸೆಲ್ ಸುಟ್ಟು ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡುವುದು ದುಬಾರಿ. ಹೊಗೆ ಬೇಡ ಅಂತಲೇ ತಾನೇ ನಾವು ಇಷ್ಟೆಲ್ಲ ಮಾಡುತ್ತಿರುವುದು. ಪದೇ ಪದೇ ಕರೆಂಟ್ ಹೋಗುವ ಫೀಡರ್ ಆದರೆ ಜಾಗವನ್ನೇ ಬದಲಿಸಿ. ಲೈಟು, ಕ್ಯಾಮೆರಾ, ಇಂಟರ್ನೆಟ್ ರೂಟರ್ ನಡೆಯಲು ಒಂದು ಯುಪಿಎಸ್ ಸಾಕು. ಕರೆಂಟ್ ಹೋಗಿದೆ ಅಂತ ಆ್ಯಪ್‌ನಲ್ಲಿ ತಕ್ಷಣ ತೋರಿಸಿದರೆ ದೂರದಿಂದ ಬರುವವರು ಅಲ್ಲೇ ಬೇರೆ ದಾರಿ ಹಿಡಿಯುತ್ತಾರೆ.

ಮೇಲೆ ಸೋಲಾರ್ ಹಾಕಿ ಅದರಿಂದಲೇ ನಡೆಸಬಹುದಾ?

ಅದರಿಂದಲೇ ನಡೆಸಲು ಆಗುವುದಿಲ್ಲ. ಎರಡು ಕಾರಿನ ಜಾಗದ ಮೇಲೆ ಚಪ್ಪರ ಹಾಕಿದರೆ 25 ಚದರ ಮೀಟರ್. ಅದರಲ್ಲಿ ನಾಲ್ಕೈದು ಕಿಲೋವ್ಯಾಟ್ ಪ್ಯಾನಲ್ ಕೂರುತ್ತದೆ. ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್. ಒಟ್ಟು 16ರಿಂದ 20 ಯೂನಿಟ್. 40 ಯೂನಿಟ್ ಬ್ಯಾಟರಿಯ ಕಾರಿಗೆ ಅರ್ಧ. ಆದರೂ ಹಾಕಿ. ನೆರಳಾಗುತ್ತದೆ, ಮೆಷಿನ್ ತಂಪಾಗಿರುತ್ತದೆ, ಲೈಟು ಫ್ಯಾನು ನಡೆಯುತ್ತವೆ.

ಹಗಲಿನ ಬಿಸಿಲನ್ನು ಇನ್ನೊಂದು ರೀತಿ ಬಳಸಿಕೊಳ್ಳಬಹುದು. ಕೇಂದ್ರದ 2024ರ ಮಾರ್ಗಸೂಚಿ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಚಾರ್ಜಿಂಗ್ ಸ್ಟೇಷನ್‌ಗಳಿಗೆ ಕಡಿಮೆ ದರ ಇರಲಿ ಅನ್ನುತ್ತದೆ: ಕರೆಂಟ್ ಪೂರೈಸಲು ಆಗುವ ಸರಾಸರಿ ವೆಚ್ಚದ 0.7 ಪಟ್ಟು. ಉಳಿದ ಹೊತ್ತಿಗೆ 1.3 ಪಟ್ಟು. ನಮ್ಮಲ್ಲಿ ದರ ನಿಗದಿ ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಪ್ರತಿ ಆದೇಶ ಬಂದಾಗಲೂ ಓದಿ ನೋಡಿ. ಮಧ್ಯಾಹ್ನ ಬರುವ ಕ್ಯಾಬ್‌ಗಳಿಗೆ ಸ್ವಲ್ಪ ಕಡಿಮೆ ರೇಟು ಇಟ್ಟರೆ ಸಂಜೆಯ ನೂಕುನುಗ್ಗಲೂ ಇಳಿಯುತ್ತದೆ.

ಲಾಭ ಇದೆಯಾ? ನಿಜ ಹೇಳಿ.

ಒಂದು ಲೆಕ್ಕ ಹಾಕೋಣ. ನಿಮ್ಮ 60 ಕಿಲೋವ್ಯಾಟ್ ಮೆಷಿನ್‌ಗೆ ದಿನಕ್ಕೆ 8 ಕಾರು ಬಂದು ತಲಾ 18 ಯೂನಿಟ್ ತುಂಬಿಸಿಕೊಂಡವು ಅನ್ನಿ. 144 ಯೂನಿಟ್. ಮೆಷಿನ್ ಇಪ್ಪತ್ತನಾಲ್ಕು ಗಂಟೆ ಪೂರ್ತಿ ಓಡಿದರೆ 1,440 ಆಗುತ್ತಿತ್ತು. ಅಂದರೆ ಶೇ. 10 ಬಳಕೆ. ಯೂನಿಟ್‌ಗೆ ಖರ್ಚು ಕಳೆದು 6 ರೂಪಾಯಿ ಉಳಿದರೆ ದಿನಕ್ಕೆ 864, ತಿಂಗಳಿಗೆ 26 ಸಾವಿರದ ಹತ್ತಿರ. ಇದರಲ್ಲಿ ಜಾಗದ ಬಾಡಿಗೆ, ಇಂಟರ್ನೆಟ್, ರಿಪೇರಿ, ಸಾಫ್ಟ್‌ವೇರ್ ಶುಲ್ಕ, ಸಾಲದ ಕಂತು ಎಲ್ಲ ಹೋಗಬೇಕು.

ಇನ್ನೊಂದು ಸಣ್ಣ ಸೋರಿಕೆ ಎಷ್ಟೋ ಜನರ ಲೆಕ್ಕದಲ್ಲಿ ಇರುವುದೇ ಇಲ್ಲ. ಕಾರಿಗೆ 144 ಯೂನಿಟ್ ಕೊಡಬೇಕಾದರೆ ನಿಮ್ಮ ಮೀಟರ್‌ನಲ್ಲಿ ಸುಮಾರು 152 ಓಡಿರುತ್ತದೆ. ಉಳಿದದ್ದು ಮೆಷಿನ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಯಾರೂ ಬರದ ರಾತ್ರಿಯೂ ಫ್ಯಾನು, ಸ್ಕ್ರೀನ್ ಒಂದಷ್ಟು ತಿನ್ನುತ್ತವೆ.

ಬಾಡಿಗೆ ಜಾಗ ಹಿಡಿದು, ಸಾಲ ಮಾಡಿ, ಇದೊಂದರಿಂದಲೇ ಬದುಕುತ್ತೇನೆ ಅಂತ ಬರುವವರಿಗೆ ನಾನು ಬೇಡ ಅನ್ನುತ್ತೇನೆ. ಸ್ವಂತ ಜಾಗ, ಪಕ್ಕದಲ್ಲಿ ಹೋಟೆಲ್ಲೋ ಅಂಗಡಿಯೋ ಇದ್ದರೆ ಬೇರೆ ಮಾತು. ಅರ್ಧ ಗಂಟೆ ಕೂರುವ ಗಿರಾಕಿ ಅಲ್ಲೂ ದುಡ್ಡು ಬಿಟ್ಟು ಹೋಗುತ್ತಾರೆ. ಸರ್ಕಾರಿ ಜಾಗಕ್ಕಾದರೆ 2022ರ ಕೇಂದ್ರ ಮಾರ್ಗಸೂಚಿಯಲ್ಲಿ ಬಾಡಿಗೆಯ ಬದಲು ಯೂನಿಟ್‌ಗೆ 1 ರೂಪಾಯಿ ಹಂಚಿಕೆಯ ದಾರಿ ತೋರಿಸಿದ್ದರು. ಅದು ನ್ಯಾಯವಾದ ದಾರಿ. ಓಡಿದಷ್ಟಕ್ಕೆ ಕೊಟ್ಟರೆ ಶುರುವಿನ ವರ್ಷ ಉಸಿರುಗಟ್ಟುವುದಿಲ್ಲ. ಎಲೆಕ್ಟ್ರಿಕ್ ವಾಹನಗಳಿಗಾಗಿ ಇರುವ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲೂ ಚಾರ್ಜಿಂಗ್ ಸ್ಟೇಷನ್‌ಗಳಿಗೆ ಅಂತ 2,000 ಕೋಟಿ ರೂಪಾಯಿ ಇಟ್ಟಿದ್ದಾರೆ.

ನಮ್ಮ ಅಪಾರ್ಟ್‌ಮೆಂಟಿಗೆ ಒಂದು ಫಾಸ್ಟ್ ಚಾರ್ಜರ್ ಹಾಕಿಸಿಕೊಡಿ.

ನಿಮಗದು ಬೇಡ. ದಿನಕ್ಕೆ 40 ಕಿಲೋಮೀಟರ್ ಓಡುವ ಕಾರಿಗೆ ಬೇಕಾದ್ದು 6 ಯೂನಿಟ್. ಮನೆಯ ಪ್ಲಗ್‌ನಲ್ಲಿ ಎರಡು ಗಂಟೆ. 40 ಕಾರು ಇದ್ದರೂ ರಾತ್ರಿಗೆ 240 ಯೂನಿಟ್. ಎಂಟು ಗಂಟೆಗೆ ಹಂಚಿದರೆ 30 ಕಿಲೋವ್ಯಾಟ್. ಅಂದರೆ ಒಂದು ಫಾಸ್ಟ್ ಚಾರ್ಜರ್‌ನ ಅರ್ಧ ಲೋಡ್‌ನಲ್ಲಿ ಇಡೀ ಅಪಾರ್ಟ್‌ಮೆಂಟ್ ಚಾರ್ಜ್ ಆಗುತ್ತದೆ! ಸರದಿ ಪ್ರಕಾರ ಲೋಡ್ ಹಂಚುವ ವ್ಯವಸ್ಥೆ ಇರಬೇಕು, ಅಷ್ಟೇ. ಇದೇ ಊರಿನಲ್ಲಿ 2001ರಲ್ಲಿ ರೇವಾ ಎಲೆಕ್ಟ್ರಿಕ್ ಕಾರು ಬಂದಾಗಿನಿಂದ ಜನ 15 ಆಂಪಿಯರ್ ಪ್ಲಗ್‌ನಲ್ಲಿ ಕಾರು ಚಾರ್ಜ್ ಮಾಡುತ್ತಲೇ ಬಂದಿದ್ದಾರೆ.

ಹಾಗಾದರೆ ಫಾಸ್ಟ್ ಚಾರ್ಜರ್ ಯಾರಿಗೆ ಬೇಕು?

ಮನೆಯಲ್ಲಿ ಪಾರ್ಕಿಂಗ್ ಇಲ್ಲದವರಿಗೆ. ಬೇರೆ ಊರಿನಿಂದ ಬಂದವರಿಗೆ. ಎಲ್ಲರಿಗಿಂತ ಜಾಸ್ತಿ, ಕ್ಯಾಬ್ ಓಡಿಸುವವರಿಗೆ.

ದಿನಕ್ಕೆ 180 ಕಿಲೋಮೀಟರ್ ಓಡಿಸುವ ಚಾಲಕರಿಗೆ 26 ಯೂನಿಟ್ ಬೇಕು. ಅವರ ಮನೆ ಇರುವುದು ಎಷ್ಟೋ ಸಲ ಬೈಕ್ ನಿಲ್ಲಿಸಲೂ ಜಾಗವಿಲ್ಲದ ಗಲ್ಲಿಯಲ್ಲಿ. ಅವರಿಗೆ ಚಾರ್ಜಿಂಗ್ ಅಂದರೆ ದುಡಿಮೆ ನಿಂತ ಹೊತ್ತು. ಒಬ್ಬ ಚಾಲಕರು ನನಗೆ ಹೇಳಿದ್ದರು: "ಸಾರ್, ಗನ್ ಇದೆ, ಕರೆಂಟ್ ಇದೆ, ಬಾತ್‌ರೂಮ್ ಇಲ್ಲ. ಮೂರು ಸ್ಟೇಷನ್ ಸುತ್ತಿದೆ." ಆವತ್ತಿನಿಂದ ನನ್ನ ನಕ್ಷೆಯಲ್ಲಿ ಮೊದಲು ಬರುವುದು ಶೌಚಾಲಯ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ. ಕುಡಿಯುವ ನೀರು, ಕೂರಲು ಬೆಂಚು, ರಾತ್ರಿ ಕಣ್ಣಿಗೆ ಕಾಣುವಷ್ಟು ಬೆಳಕು. ಇಷ್ಟಕ್ಕೆ ಆಗುವ ಖರ್ಚು ಒಟ್ಟು ಖರ್ಚಿನಲ್ಲಿ ಚಿಕ್ಕ ಪಾಲು. ಕತ್ತಲಿನ ಮೂಲೆಯಲ್ಲಿ ಮೆಷಿನ್ ಇಟ್ಟರೆ ಒಬ್ಬರೇ ಬರುವ ಹೆಂಗಸರು ಯಾಕೆ ಬರುತ್ತಾರೆ ಹೇಳಿ?

ಪೆಟ್ರೋಲ್ ಕಾರು ತಂದು ಚಾರ್ಜಿಂಗ್ ಜಾಗದಲ್ಲಿ ನಿಲ್ಲಿಸಿದರೆ?

ನಿಲ್ಲಿಸುತ್ತಾರೆ. ನೆಲಕ್ಕೆ ದಪ್ಪ ಹಸಿರು ಬಣ್ಣ ಬಳಿದು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ. ಸೆಕ್ಯುರಿಟಿ ಅಣ್ಣನಿಗೆ ವಿಷಯ ಹೇಳಿಕೊಟ್ಟು, ಕೇಳುವ ಅಧಿಕಾರವನ್ನೂ ಕೊಡಿ. ಚಾರ್ಜ್ ಮುಗಿದ ಮೇಲೂ ಗನ್ ಬಿಡದವರಿಗೆ ಹತ್ತು ನಿಮಿಷ ಬಿಟ್ಟು ಶುಲ್ಕ ಹಾಕಿ.

ಫುಟ್‌ಪಾತ್ ಮೇಲೆ ಹಾಕಬಹುದಾ?

ಬೇಡ. ಅದು ನಡೆಯುವವರ ಜಾಗ.

ಶುರುವಾದ ಮೇಲೆ ಏನು ಕೆಲಸ ಇರುತ್ತದೆ?

ಕಟ್ಟುವವರೆಗೆ ಇದ್ದ ಉತ್ಸಾಹ ಆಮೇಲೂ ಇರಬೇಕು. ನಗರದಲ್ಲಿ ಜನರ ಮುಖ್ಯ ದೂರು ಸ್ಟೇಷನ್ ಕಡಿಮೆ ಅನ್ನುವುದಲ್ಲ, ಇರುವುದು ನಡೆಯುತ್ತಿಲ್ಲ ಅನ್ನುವುದು. ಗಾಳಿಯ ಫಿಲ್ಟರ್‌ನಲ್ಲಿ ಬೆಂಗಳೂರಿನ ಧೂಳು ತುಂಬಿಕೊಂಡರೆ ಮೆಷಿನ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ತಿಂಗಳಿಗೊಮ್ಮೆ ತೆಗೆದು ಕೊಡವಿ. ನೆಲಕ್ಕೆ ಬಿದ್ದು ಬಿದ್ದು ಗನ್ನಿನ ಬಾಯಿ ಒಡೆಯುತ್ತದೆ. ವಾರಕ್ಕೊಮ್ಮೆ ಕಣ್ಣು ಹಾಯಿಸಿ, ಬಿರುಕು ಕಂಡರೆ ಆ ಗನ್ ನಿಲ್ಲಿಸಿ. ಎಮರ್ಜೆನ್ಸಿ ಬಟನ್ ಒತ್ತಿ ನೋಡಿ. ಸಿಮ್ ಕಾರ್ಡ್ ಸಿಗ್ನಲ್ ಹೋದರೆ ದುಡ್ಡು ಕಟ್ಟಲೂ ಆಗುವುದಿಲ್ಲ, ಚಾರ್ಜ್ ಶುರುವೂ ಆಗುವುದಿಲ್ಲ. ಆದ್ದರಿಂದ ಎರಡು ಕಂಪನಿಯ ಸಿಮ್ ಹಾಕಿಸಿ.

ಬಿಡಿಭಾಗ ಎಷ್ಟು ದಿನದಲ್ಲಿ ಕೊಡುತ್ತೀರಿ ಅನ್ನುವುದನ್ನು ಮೆಷಿನ್ ಕೊಳ್ಳುವ ದಿನವೇ ಕಾಗದದಲ್ಲಿ ಬರೆಸಿಕೊಳ್ಳಿ. ಮೆಷಿನ್ ಮೇಲೆ ಒಂದು ಫೋನ್ ನಂಬರ್ ಅಂಟಿಸಿ. ಎತ್ತುವವರಿಗೆ ಕನ್ನಡ ಬರಬೇಕು, ರಾತ್ರಿ ಹನ್ನೊಂದಕ್ಕೆ ಮಾಡಿದರೂ ಎತ್ತಬೇಕು.